ಒತ್ತು ಎಲ್ಲಿ ಬೀಳುತ್ತದೆ?

ಮಕ್ಕಳೇ, ಬಲ, ಬಾಲ, ಬಲ್ಲ – ಈ ಮೂರು ಪದಗಳನ್ನು ಜೋರಾಗಿ ಓದಿ. 'ಬ'ವನ್ನು ಎಳೆದ ಕೂಡಲೇ ಶಕ್ತಿ ಹೋಗಿ ಎಮ್ಮೆಯ ಬಾಲ ಬಂತು. 'ಲ'ವನ್ನು ಇಮ್ಮಡಿ ಮಾಡಿದರೆ 'ತಿಳಿದಿದ್ದಾನೆ' ಅಂತ ಅರ್ಥ. ನಮ್ಮ ಆದವಾನಿ ಕಡೆ ದಿನವೂ ಕಿವಿಗೆ ಬೀಳುವ ತೆಲುಗಿನಲ್ಲೂ ಹೀಗೇ: ಪಡು ಅಂದರೆ ಬೀಳು, ಪಾಡು ಅಂದರೆ ಹಾಡು.

ಈಗ 'ಬಲ' ಪದದಲ್ಲಿ 'ಬ'ವನ್ನು ಮಾತ್ರ ಗಟ್ಟಿಯಾಗಿ ಹೇಳಿ. ಆಮೇಲೆ 'ಲ'ವನ್ನು ಮಾತ್ರ ಗಟ್ಟಿಯಾಗಿ ಹೇಳಿ. ಎರಡನ್ನೂ ಎಳೆಯಬೇಡಿ. ಅರ್ಥ ಬದಲಾಯಿತೇ? ಇಲ್ಲ ಅಲ್ವಾ!

ಹೀಗೆ ಪದದ ಒಂದು ಭಾಗ ಎದ್ದು ಕೇಳುವಂತೆ ಹೇಳುವುದೇ ಒತ್ತು ಅಥವಾ ಸ್ವರಾಘಾತ. ಇದು ಒತ್ತಕ್ಷರ ಅಲ್ಲ. ಧ್ವನಿ ಪಾಠ ನೆನಪಿಸಿಕೊಳ್ಳಿ: ಕಂಪನದ ವಿಸ್ತಾರ ಹೆಚ್ಚಿದರೆ ಸದ್ದು ಜೋರಾಗುತ್ತದೆ, ಆವೃತ್ತಿ ಹೆಚ್ಚಿದರೆ ಸ್ವರ ಏರುತ್ತದೆ. ಒತ್ತು ಬಿದ್ದ ಕಡೆ ಸದ್ದು, ಸ್ವರದ ಏರು, ಹೇಳಲು ಹಿಡಿಯುವ ಸಮಯ – ಇವುಗಳಲ್ಲಿ ಒಂದೋ ಎರಡೋ, ಕೆಲವೊಮ್ಮೆ ಮೂರೂ ಹೆಚ್ಚುತ್ತವೆ.

ಇಂಗ್ಲಿಷಿನಲ್ಲಿ ಒತ್ತಿನಿಂದ ಅರ್ಥವೇ ಬದಲಾಗಬಹುದು. ಹಾಜರಿ ಕರೆದಾಗ ನೀವು ಹೇಳುವ 'ಪ್ರೆಸೆಂಟ್' ಪದಕ್ಕೆ ಒತ್ತು ಮೊದಲ ಭಾಗದಲ್ಲಿ. 'ಅರ್ಪಿಸು' ಎಂಬ ಅರ್ಥ ಬೇಕಾದರೆ ಒತ್ತು ಎರಡನೆಯ ಭಾಗಕ್ಕೆ ಹೋಗುತ್ತದೆ. ಬರೆಯುವ ಅಕ್ಷರಗಳು ಮಾತ್ರ ಅವೇ.

ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನ ಮೂಲನಿವಾಸಿಗಳ ಭಾಷೆ ಕೆಚುವಾದಲ್ಲಿ ಇನ್ನೊಂದು ಬಗೆ. ಪೆರು ದೇಶದ ಕುಸ್ಕೊ ಭಾಗದ ಕೆಚುವಾದಲ್ಲಿ 'ವಸಿ' ಅಂದರೆ ಮನೆ, 'ವಸಿಕುನ' ಅಂದರೆ ಮನೆಗಳು, 'ವಸಿಕುನಪಿ' ಅಂದರೆ ಮನೆಗಳಲ್ಲಿ. ನಮ್ಮ ಹಾಗೆಯೇ ಪದಕ್ಕೆ ಬಾಲ ಜೋಡಿಸುತ್ತಾರೆ, ನೋಡಿ! ಆದರೆ ಒತ್ತು ಹೆಚ್ಚಿನ ಪದಗಳಲ್ಲಿ ಕೊನೆಯಿಂದ ಎರಡನೆಯ ಅಕ್ಷರಕ್ಕೇ ಬೀಳಬೇಕು. ಹಾಗಾಗಿ ಅದು ಮೊದಲು 'ವ'ದ ಮೇಲೆ, ಆಮೇಲೆ 'ಕು' ಮೇಲೆ, ಕೊನೆಗೆ 'ನ'ದ ಮೇಲೆ. ಪದ ಬೆಳೆದಂತೆ ಒತ್ತು ಮುಂದಕ್ಕೆ ಸರಿಯುತ್ತದೆ.

'ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ನಾಲಿಗೆ ತಿರುಗಲ್ಲ' ಅಂತ ಯಾರಾದರೂ ಅಂದರೆ ಕುಗ್ಗಬೇಡಿ. ನಾಲಿಗೆಯಲ್ಲಿ ದೋಷವಿಲ್ಲ. ಹ್ರಸ್ವ-ದೀರ್ಘ ನೋಡುವುದನ್ನು ಕನ್ನಡ ನಮ್ಮ ಕಿವಿಗೆ ಕಲಿಸಿದೆ. ಒತ್ತು ನೋಡುವುದನ್ನು ಹೊಸದಾಗಿ ಕಲಿಯಬೇಕು, ಅಷ್ಟೆ.

ಮಾಡಿ ನೋಡಿ: ಉಚ್ಚಾರಣೆ ಕೊಟ್ಟಿರುವ ಇಂಗ್ಲಿಷ್ ನಿಘಂಟು ತೆರೆಯಿರಿ. ಹಲವು ನಿಘಂಟುಗಳಲ್ಲಿ ಒತ್ತು ಬೀಳುವ ಭಾಗದ ಮುಂಚೆ, ಮೇಲ್ಗಡೆ ಸಣ್ಣ ಗೆರೆ ಇರುತ್ತದೆ. ಹತ್ತು ಪದ ಹುಡುಕಿ, ಗೆರೆ ಇದ್ದಲ್ಲಿ ಚಪ್ಪಾಳೆ ತಟ್ಟುತ್ತಾ ಹೇಳಿ.