ಬೊಂಬೆಗೆ ಬೆಲೆ ಕಟ್ಟುವ ಲೆಕ್ಕ

ನೀವು ಬೈರಾಪಟ್ಟಣದವರಾದರೆ ಚನ್ನಪಟ್ಟಣದ ಬೊಂಬೆ ನಿಮಗೆ ಹೊಸದಲ್ಲ. ಆಲೆಮರದ ತುಂಡನ್ನು ಲೇತಿನಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಇದು ಭೌತಶಾಸ್ತ್ರದ ಪಾಠ, ಇನ್ನೊಮ್ಮೆ ನೋಡೋಣ. ಇಂದಿನ ಪ್ರಶ್ನೆ, ಈ ಬೊಂಬೆಗೆ ಎಷ್ಟು ಬೆಲೆ ಇಡಬೇಕು?

ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳಿ. ಮರಕ್ಕೆ 15 ರೂಪಾಯಿ, ಅರಗು ಮತ್ತು ಬಣ್ಣಕ್ಕೆ 5, ಕಡೆಯುವವರ ಕೂಲಿ 40. ಅಸಲು 60 ಆಯಿತು. ಮಾರುವ ಬೆಲೆಯಲ್ಲಿ ಅಸಲನ್ನು ಕಳೆದರೆ ಉಳಿಯುವುದು ಒಟ್ಟು ಲಾಭ. ಅದಷ್ಟೂ ಜೇಬಿಗೆ ಬರುವ ಹಣವಲ್ಲ. ಅಂಗಡಿ ಬಾಡಿಗೆ, ಸಾಲದ ಬಡ್ಡಿ ಎಲ್ಲವೂ ಅದರಿಂದಲೇ ಹೋಗಬೇಕು. ಆಮೇಲೆ ಮಿಕ್ಕಿದ್ದು ನಿವ್ವಳ ಲಾಭ.

ಶೇಕಡಾ 40ರಷ್ಟು ಒಟ್ಟು ಲಾಭ ಬೇಕೆಂದರೆ ಅನೇಕರು 60ಕ್ಕೆ ಅದರ ಶೇಕಡಾ 40, ಅಂದರೆ 24 ಸೇರಿಸಿ 84 ರೂಪಾಯಿ ಎನ್ನುತ್ತಾರೆ. ಶಾಲೆಯ ಗಣಿತದಲ್ಲಿ ಲಾಭವನ್ನು ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಿ ರೂಢಿ, ಗೊಂದಲ ಅಲ್ಲಿಂದಲೇ ಶುರು. ಒಟ್ಟು ಲಾಭದ ಪ್ರಮಾಣವನ್ನು ಅಳೆಯುವುದು ಮಾರುವ ಬೆಲೆಯ ಮೇಲೆ. 84ರಲ್ಲಿ 24 ಎಂದರೆ ಶೇಕಡಾ 28.6 ಮಾತ್ರ. ಬೆಲೆಯ 100 ಪಾಲಿನಲ್ಲಿ 40 ಲಾಭವಾದರೆ ಅಸಲು 60 ಪಾಲು. ಹಾಗಾಗಿ ಅಸಲನ್ನು 0.60ರಿಂದ ಭಾಗಿಸಬೇಕು: 60 ÷ 0.60 = 100 ರೂಪಾಯಿ.

ಮನೆಯಲ್ಲೇ ಲೇತ್ ಇಟ್ಟುಕೊಂಡು ದುಡಿಯುವವರು ಇನ್ನೊಂದು ಕಡೆ ಎಡವುವುದುಂಟು. ಕೂಲಿ ಯಾರಿಗೂ ಕೊಡಲಿಲ್ಲವೆಂದು ಅಸಲನ್ನು 20 ಎಂದೇ ಬರೆದುಕೊಂಡು, 50ಕ್ಕೆ ಮಾರಿ, 30 ಲಾಭ ಬಂತೆಂದು ಸಮಾಧಾನಪಡುತ್ತಾರೆ. ವಾಸ್ತವವಾಗಿ ಅವರ 40 ರೂಪಾಯಿ ಕೂಲಿಯಲ್ಲೇ 10 ಹೋಗಿರುತ್ತದೆ. 'ನಮ್ಮ ಕೈಕೆಲಸ ತಾನೇ' ಎಂಬ ಮಾತು ನನಗಂತೂ ಒಪ್ಪಿಗೆಯಿಲ್ಲ. ಕೂಲಿಯೂ ಗಿಟ್ಟದ ಕಸುಬನ್ನು ಮನೆಯ ಮಕ್ಕಳು ಏಕೆ ಕಲಿತಾರು?

ಇನ್ನು ಚೌಕಾಸಿ. 100ರ ಬೊಂಬೆಯನ್ನು 90ಕ್ಕೆ ಕೊಟ್ಟರೆ ಬೆಲೆ ಇಳಿದದ್ದು ಹತ್ತರಲ್ಲೊಂದು ಪಾಲು. ಒಟ್ಟು ಲಾಭ ಇಳಿದದ್ದು 40ರಿಂದ 30ಕ್ಕೆ, ಅಂದರೆ ಕಾಲು ಭಾಗ. ತಿಂಗಳ ಬಾಡಿಗೆ 6,000 ಇದ್ದರೆ ಮೊದಲು 150 ಬೊಂಬೆ ಮಾರಿದರೆ ಸಾಕಿತ್ತು, ಈಗ 200 ಮಾರಬೇಕು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಪ್ರವಾಸಿಗಳ ವಾಹನಗಳು ಚನ್ನಪಟ್ಟಣದ ಪೇಟೆಗೆ ಬಾರದೆ ಹೊರಗಿನಿಂದಲೇ ಹಾದುಹೋಗಬಲ್ಲವು. ಹಳೆಯ ರಸ್ತೆಯ ಅಂಗಡಿಯವರು ರಿಯಾಯಿತಿಯ ಬೋರ್ಡು ತೂಗುಹಾಕುವ ಮುನ್ನ, ಹೆಚ್ಚಿನ ಆ 50 ಬೊಂಬೆಗಳನ್ನು ಕೊಳ್ಳುವವರು ಯಾವ ದಾರಿಯಲ್ಲಿ ಬರುತ್ತಾರೆಂದು ಕೇಳಿಕೊಳ್ಳಬೇಕಾಗುತ್ತದೆ.