ಆನ್‌ಲೈನ್ ಸಂಗೀತ ಪಾಠ: ಶ್ರುತಿ, ತಾಳ, ಸಾಧನೆ

ಕರ್ನಾಟಕ ಸಂಗೀತವನ್ನು ಅಂತರ್ಜಾಲದ ಮೂಲಕ ಕಲಿಸುವ ರೂಢಿ ಕೊರೊನಾ ಕಾಲದಲ್ಲಿ ಹುಟ್ಟಿದ್ದಲ್ಲ. 2003ರಲ್ಲಿ ಆರಂಭವಾದ ಸ್ಕೈಪ್‌ಗೆ ವಿಡಿಯೊ ಕರೆ ಸೇರಿದ ಮೇಲೆ, ಅಮೆರಿಕದಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳು ಬೆಂಗಳೂರು, ಮೈಸೂರು, ಚೆನ್ನೈಗಳ ಗುರುಗಳಿಂದ ಪಾಠ ಹೇಳಿಸಿಕೊಳ್ಳತೊಡಗಿದ್ದರು. ಅದಕ್ಕೂ ಮುಂಚೆ, ರಜೆಗೆ ಊರಿಗೆ ಬಂದವರು ಗುರುಗಳ ಹಾಡಿಕೆಯನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ, ಪಕ್ಕದ ಬೀದಿಯ ಮಕ್ಕಳಿಗೂ ಪಾಠಕ್ಕೆ ಮೊಬೈಲ್ ಪರದೆಯೇ ಗತಿಯಾಯಿತು. ಆಮೇಲೆ ಮನೆಪಾಠ ಮತ್ತೆ ಶುರುವಾದರೂ ಆನ್‌ಲೈನ್ ಪಾಠ ನಿಲ್ಲಲಿಲ್ಲ.

ಈ ಸಂಗೀತದ ಕಲಿಕೆಯ ಕ್ರಮ ಆನ್‌ಲೈನ್ ಪಾಠಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಆ ಕ್ರಮದಲ್ಲಿ ಮಾಯಾಮಾಳವಗೌಳ ರಾಗದ ಸರಳೆ ವರಸೆ ಮೊದಲು. ನಂತರ ಜಂಟಿ ವರಸೆ, ಅಲಂಕಾರ, ಗೀತೆ, ವರ್ಣ, ಕೃತಿ. ಎಲ್ಲ ಹಂತದಲ್ಲೂ ಗುರು ಹಾಡುತ್ತಾರೆ, ಶಿಷ್ಯರು ಕೇಳಿ ಒಪ್ಪಿಸುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಹಾಡುವಾಗ ದೂರ ಅಡ್ಡಬರುವುದಿಲ್ಲ. ತೊಡಕಾಗುವುದು ಇಬ್ಬರೂ ಕೂಡಿ ಹಾಡಲು ಹೊರಟಾಗ.

ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ದೂರವೇ ಸುಮಾರು 14,000 ಕಿ.ಮೀ. ಎಂದರೆ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಲು ಕಡಿಮೆಯೆಂದರೂ 70 ಮಿಲಿಸೆಕೆಂಡು ಬೇಕು. ಆ್ಯಪ್ ದನಿಯನ್ನು ಸಂಕೇತವಾಗಿಸಿ, ಕಳಿಸಿ, ಮತ್ತೆ ದನಿಯಾಗಿಸುವ ಹೊತ್ತು ಇದಕ್ಕೆ ಸೇರುತ್ತದೆ. ಈ ತಡ ಸುಮಾರು 30 ಮಿಲಿಸೆಕೆಂಡು ಮೀರಿದರೆ ಕೂಡಿ ನುಡಿಸುವವರ ಲಯ ಕದಡತೊಡಗುತ್ತದೆ. ಒಂದೇ ಊರಿನ ಎರಡು ಮನೆಗಳ ನಡುವೆಯೂ ಸಾಮಾನ್ಯ ವಿಡಿಯೊ ಕರೆ ಈ ಮಿತಿಯೊಳಗೆ ನಿಲ್ಲುವುದು ಅಪರೂಪ.

ಇದರ ಪರಿಣಾಮ ಮೊದಲು ಕಾಣುವುದು ತಾಳದಲ್ಲಿ. ಗುರು ಸೆಕೆಂಡಿಗೊಂದು ಅಕ್ಷರದಂತೆ ಆದಿತಾಳ ಹಾಕುತ್ತಿದ್ದಾರೆ, ದೂರದ ಶಿಷ್ಯೆ ಅದಕ್ಕೆ ಸರಿಯಾಗಿ ಹಾಡುತ್ತಿದ್ದಾಳೆ ಎಂದುಕೊಳ್ಳೋಣ. ತಾಳ ಹೋಗಿ ಹಾಡು ಮರಳುವಷ್ಟರಲ್ಲಿ ಕಾಲು ಸೆಕೆಂಡು ಕಳೆದರೆ, ಆಕೆ ಕಾಲು ಅಕ್ಷರ ಹಿಂದೆ ಬಿದ್ದಂತೆ ಗುರುವಿಗೆ ಕೇಳುತ್ತದೆ. ತಪ್ಪು ಹುಡುಗಿಯದಲ್ಲ. ಹಾಗಾಗಿ ಶಿಷ್ಯೆ ಹಾಡುವಾಗ ಗುರು ಸುಮ್ಮನಿದ್ದು, ಅವಳೇ ತೊಡೆಯ ಮೇಲೆ ಹಾಕುವ ತಾಳ ಕ್ಯಾಮೆರಾಕ್ಕೆ ಕಾಣುವಂತೆ ಕೂರಿಸಬೇಕು. ಗುಂಪು ಪಾಠದಲ್ಲಿ ಒಬ್ಬರ ಮೈಕ್ ಮಾತ್ರ ತೆರೆದಿರಬೇಕು. ಉಳಿದವರು ತಮ್ಮ ತಮ್ಮ ಮನೆಯಲ್ಲೇ ಜೊತೆಗೆ ಹಾಡಿಕೊಳ್ಳುತ್ತಾರೆ. ಗುರುವಿನ ಕೈ ನೋಡದೆ ಮೂರು ಕಾಲಗಳಲ್ಲೂ ವರಸೆಯನ್ನು ನಿಲ್ಲಿಸಬಲ್ಲ ಮಗುವಿಗೆ ಲಯ ಸ್ವಂತದ್ದಾಗುತ್ತದೆ.

ಶ್ರುತಿಯ ತೊಡಕು ಬೇರೆ ಬಗೆಯದು. ವಿಡಿಯೊ ಆ್ಯಪ್‌ಗಳು ಮಾತಿಗಾಗಿ ತಯಾರಾದವು. ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ಅವು ಗದ್ದಲವೆಂದು ಅಳಿಸುತ್ತವೆ; ತಂಬೂರಿಯ ನಾದವೂ ಹಾಗೆಯೇ ಅಳಿದುಹೋಗಬಹುದು. ವೀಣೆಯ ಮೀಟಿನ ಕೊನೆಯ ಅನುರಣನ, ಮೃದಂಗದ ಎಡಗೈ ನಾದ ಕೂಡ ಹೀಗೆ ಸೊರಗುತ್ತವೆ. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆಯ್ಕೆಯನ್ನು ಒತ್ತಿದರೆ ಈ ಸೋಸುವಿಕೆ ತಗ್ಗುತ್ತದೆ. ಎರಡೂ ಕಡೆ ಒಂದೇ ಶ್ರುತಿಗೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು, ಇಯರ್‌ಫೋನ್ ಬಳಸುವುದು ಇನ್ನೂ ಒಳ್ಳೆಯದು. ವೀಣೆಯ ಪಾಠಕ್ಕೆ ಕ್ಯಾಮೆರಾ ಮುಖದ ಕಡೆಗಲ್ಲ, ಎಡಗೈ ಓಡಾಡುವ 24 ಮೆಟ್ಟುಗಳ ಕಡೆಗೆ ತಿರುಗಿರಬೇಕು. ತಂತಿಯನ್ನು ಎಷ್ಟು ಎಳೆದರೆ ಗಮಕ ಬರುತ್ತದೆಂಬುದು ಆಗ ಕಾಣುತ್ತದೆ.

ಆನ್‌ಲೈನ್ ಸಾಧನಗಳ ನಿಜವಾದ ಬಲ ಇರುವುದು ಎರಡು ಪಾಠಗಳ ನಡುವಿನ ದಿನಗಳಲ್ಲಿ. ವಾರಕ್ಕೊಮ್ಮೆ ಪಾಠವಾದರೆ ಉಳಿದ ಆರು ದಿನ ಮಗು ಒಂಟಿ. ಮೊದಲ ದಿನ ಹಿಡಿದ ತಪ್ಪು ಏಳನೆಯ ದಿನಕ್ಕೆ ಗಟ್ಟಿಯಾಗಿರುತ್ತದೆ. ಮಗು ನಡುವೆ ಹಾಡಿ ಕಳಿಸುವ ಒಂದು ನಿಮಿಷದ ವಾಟ್ಸ್ಆ್ಯಪ್ ಧ್ವನಿಮುದ್ರಿಕೆ ಇದನ್ನು ತಪ್ಪಿಸಬಲ್ಲದು. ತೋಡಿಯ ಗಾಂಧಾರವನ್ನು ಕಂಪಿತವಿಲ್ಲದೆ ನೇರವಾಗಿ ಹಿಡಿದ ಶಿಷ್ಯೆಗೆ ಸ್ವರಪ್ರಸ್ತಾರ ಬರೆದು ಕಳಿಸಿದರೆ ಉಪಯೋಗವಿಲ್ಲ, ಬರಹದಲ್ಲಿ ‘ಗ’ ಬರೀ ‘ಗ’ ಆಗಿಯೇ ಇರುತ್ತದೆ. ಗುರು ಅದೊಂದೇ ಸಂಗತಿಯನ್ನು ನಿಧಾನವಾಗಿ ಎರಡು ಸಲ ಹಾಡಿ ಕಳಿಸಿದರೆ ಅವಳು ಬೇಕಾದಷ್ಟು ಸಲ ಕೇಳಿ ತಿದ್ದಿಕೊಳ್ಳುತ್ತಾಳೆ. ಮಲೆನಾಡಿನಂತೆ ನೆಟ್‌ವರ್ಕ್ ಕೈಕೊಡುವ ಕಡೆ ವಿಡಿಯೊ ಕರೆ ನಿಂತುಹೋದರೂ ಇಂಥ ಮುದ್ರಿಕೆ ತಡವಾಗಿಯಾದರೂ ತಲುಪುತ್ತದೆ. ಉತ್ತರ ಬರುತ್ತದೆಂಬ ಭರವಸೆಯೇ ಮಗುವನ್ನು ದಿನವೂ ಸಾಧನೆಗೆ ಕೂರಿಸುತ್ತದೆ.

ಇದಕ್ಕೆ ಶಿಸ್ತೂ ಬೇಕು. ಧ್ವನಿಮುದ್ರಿಕೆ ಕಳಿಸುವ ದಿನ, ಉತ್ತರ ಕೊಡುವ ಹೊತ್ತು ಮೊದಲೇ ಗೊತ್ತಾಗಿರಬೇಕು, ಇಲ್ಲದಿದ್ದರೆ ಗುರುಗಳಿಗೆ ಬಿಡುವೇ ಉಳಿಯದು. ಚಿಕ್ಕ ಮಕ್ಕಳ ಪಾಠ ಹೆತ್ತವರ ಕಣ್ಣಳತೆಯಲ್ಲಿ ನಡೆಯಬೇಕು. ಅವರ ಹಾಡಿನ ವಿಡಿಯೊವನ್ನು ಮನೆಯವರ ಒಪ್ಪಿಗೆಯಿಲ್ಲದೆ ಹಂಚಬಾರದು.

ಕೆಲವು ಪಾಠಗಳಿಗೆ ಎದುರಿಗೆ ಕೂರಲೇಬೇಕು. ಗಂಟಲಿಗೆ ಬೀಳುವ ಒತ್ತಡ, ಉಸಿರಿನ ನಿಲುಗಡೆ, ಪಿಟೀಲಿನ ಕಮಾನಿನ ಭಾರ ಪರದೆಯಲ್ಲಿ ಪೂರ್ತಿ ತಿಳಿಯುವುದಿಲ್ಲ. ಪಕ್ಕವಾದ್ಯದೊಂದಿಗೆ ಹಾಡುವುದನ್ನೂ ಗುರುವಿನ ಹಿಂದೆ ಕೂತು ದನಿಗೂಡಿಸುವುದನ್ನೂ ಕಲಿಯಲು ಒಂದೇ ಕೋಣೆ ಬೇಕು. ರಜೆಯಲ್ಲಿ ಕೆಲವು ವಾರವಾದರೂ ಗುರುವಿನ ಮನೆಯಲ್ಲಿ ಕಲಿತು, ಉಳಿದ ತಿಂಗಳು ಆನ್‌ಲೈನ್‌ನಲ್ಲಿ ಒಪ್ಪಿಸುವ ವಿದ್ಯಾರ್ಥಿಗೆ ಎರಡರ ಲಾಭವೂ ಸಿಗುತ್ತದೆ.