ಮಳೆಗೆ ಮುಂಚೆ ಬರುವ ತಳಿರು

ಶಿವರಾತ್ರಿಯ ಜಾತ್ರೆಗೆಂದು ಕೊಳ್ಳೇಗಾಲ, ಹನೂರುಗಳ ಮಾರ್ಗವಾಗಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವ ಪಟ್ಟಣವಾಸಿಗಳು ದಾರಿಯ ಕಾಡನ್ನು ಕಂಡು ಮರುಗುವುದುಂಟು. ಹೂಗ್ಯಂ ಸೀಮೆಯ ಗುಡ್ಡಗಳೆಲ್ಲ ಆಗ ಬೋಳಾಗಿರುತ್ತವೆ. ಕಾಲಿಟ್ಟಲ್ಲಿ ತರಗೆಲೆಯ ಸದ್ದು. ಅದೇ ಯಾತ್ರಿಕರು ಯುಗಾದಿಯ ಜಾತ್ರೆಗೆ ಮತ್ತೊಮ್ಮೆ ಹೋದರೆ ಅನೇಕ ಮರಗಳ ಕೊಂಬೆಯ ತುದಿಯಲ್ಲಿ ಕೆಂಪು, ಎಳೆಹಸಿರು ತಳಿರನ್ನು ಕಾಣುವರು. ಈ ನಡುವೆ ಮಳೆ ಬಂದಿರುವುದು ಅಪರೂಪ. ಬಿಸಿಲು ಏರಿದೆ, ನೆಲ ಇನ್ನಷ್ಟು ಒಣಗಿದೆ. ನೀರಿಲ್ಲವೆಂದು ಎಲೆಯನ್ನು ಕಳಚಿದ ಮರ, ನೀರು ಇನ್ನೂ ಕಡಮೆಯಾದಾಗ ಹೊಸ ಎಲೆಯನ್ನು ಹೊರಡಿಸುವುದೇಕೆ? ಈ ಪ್ರಶ್ನೆಯನ್ನು ನಾವು ಇಂದು ವಿಚಾರಿಸೋಣ.

ಎಲೆಯು ಗಿಡದ ಅಡುಗೆಮನೆಯೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಅಡುಗೆಮನೆಯ ಬಾಗಿಲುಗಳ ವಿಷಯ ಅಷ್ಟು ಪ್ರಸಿದ್ಧವಲ್ಲ. ಎಲೆಯ ಮೈಯಲ್ಲಿ, ಬಹುಮಟ್ಟಿಗೆ ಕೆಳಮೈಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಒಂದೊಂದಕ್ಕೂ ಎರಡು ಕಾವಲು ಕೋಶಗಳು. ಅವು ನೀರು ತುಂಬಿ ಉಬ್ಬಿದರೆ ರಂಧ್ರ ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ಅಡುಗೆಗೆ ಬೇಕಾದ ಇಂಗಾಲಾಮ್ಲ ವಾಯುವು ಒಳಗೆ ಬರಬೇಕಾದರೆ ಈ ಬಾಗಿಲು ತೆರೆದಿರಬೇಕು. ಆದರೆ ತೆರೆದ ಬಾಗಿಲಿನಿಂದ ನೀರು ಆವಿಯಾಗಿ ಹೊರಗೆ ಹೋಗದೆ ಇರದು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕು ಹೀಗೆಯೇ ಗಾಳಿಯ ಪಾಲಾಗುತ್ತದೆ. ಇದು ಅಪವ್ಯಯವೆಂದು ತೋರಬಹುದು. ಆದರೆ ಬೇರಿನಿಂದ ನೆತ್ತಿಯವರೆಗೆ ನೀರನ್ನು ಎತ್ತುವ ಶಕ್ತಿಯೂ ಈ ಆವಿಯಾಗುವಿಕೆಯಿಂದಲೇ ಹುಟ್ಟುತ್ತದೆ. ಮೇಲೆ ನೀರು ಹೋದಂತೆಲ್ಲ ಕೆಳಗಿನ ನೀರು ಒಂದು ಎಳೆಯಂತೆ ಸೆಳೆಯಲ್ಪಡುತ್ತದೆಂದು ಡಿಕ್ಸನ್ ಮತ್ತು ಜಾಲಿ ಎಂಬಿಬ್ಬರು 1894ರಲ್ಲಿ ಪ್ರತಿಪಾದಿಸಿದರು. ನೆಲ ಒಣಗಿ ಸೆಳೆತ ಮಿತಿಮೀರಿದರೆ ಈ ಎಳೆ ತುಂಡಾಗಿ, ನಾಳದೊಳಗೆ ಗಾಳಿಯ ಗುಳ್ಳೆ ಸೇರಿ, ಆ ದಾರಿ ಕೆಟ್ಟುಹೋಗುತ್ತದೆ. ಬೇಸಗೆಯಲ್ಲಿ ಮರಕ್ಕೆ ಒದಗುವ ನಿಜವಾದ ಪ್ರಾಣಭಯ ಇದು.

ಆದಕಾರಣ ಮರವು ಮೊದಲು ಬಾಗಿಲು ಮುಚ್ಚುತ್ತದೆ. ನೀರಿನ ಅಭಾವವಾದಾಗ ಅಬ್ಸಿಸಿಕ್ ಆಮ್ಲವೆಂಬ ವಸ್ತುವು ಗಿಡದಲ್ಲಿ ಹೆಚ್ಚುತ್ತದೆ. ಅದರ ಪ್ರಭಾವದಿಂದ ಕಾವಲು ಕೋಶಗಳಲ್ಲಿನ ಪೊಟ್ಯಾಸಿಯಂ ಹೊರಗೆ ಹರಿದು, ಹಿಂದೆಯೇ ನೀರೂ ಹೋಗಿ, ಅವು ಕುಗ್ಗುತ್ತವೆ. ಅಷ್ಟಕ್ಕೂ ಸಾಲದಿದ್ದರೆ ಎಲೆಯನ್ನೇ ತ್ಯಜಿಸಬೇಕಾಗುತ್ತದೆ. ಆದರೆ ಮರವು ಎಲೆಯನ್ನು ಸುಮ್ಮನೆ ಬಿಸಾಡುವುದಿಲ್ಲ. ಮನೆ ಬಿಡುವ ಒಕ್ಕಲು ಪಾತ್ರೆಪರಡಿಗಳನ್ನು ಹೊತ್ತುಕೊಳ್ಳುವಂತೆ, ಪತ್ರಹರಿತ್ತನ್ನು ಕಳಚಿ, ಎಲೆಯಲ್ಲಿದ್ದ ಸಾರಜನಕ ರಂಜಕಗಳ ಬಹು ಭಾಗವನ್ನು ಕೊಂಬೆಗೆ ಹಿಂದೆಗೆದುಕೊಳ್ಳುತ್ತದೆ. ಹಸಿರು ಹೋಗಿ ಹಳದಿ ಕಾಣುವುದು ಈ ಸಾಗಾಟದ ಗುರುತು. ಆಮೇಲೆ ತೊಟ್ಟಿನ ಬುಡದಲ್ಲಿ ಕೋಶಗಳ ಒಂದು ತೆಳುಪದರ ಸಡಿಲಾಗಿ ಎಲೆ ಬೀಳುತ್ತದೆ. ಗಾಯದ ಬಾಯಿ ಮುಚ್ಚುತ್ತದೆ.

ಈಗ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತಾಯಿತು. ಎಲೆ ಹೋದ ಮೇಲೆ ವೆಚ್ಚ ನಿಂತಿತು. ಆಳಕ್ಕೆ ಇಳಿದ ಬೇರುಗಳಿಗೆ ಮಾತ್ರ ಅಲ್ಪಸ್ವಲ್ಪ ಆದಾಯ ನಿಲ್ಲಲಿಲ್ಲ. ಬೋಳು ಮರವು ಹೊರಗೆ ಸತ್ತಂತೆ ಕಂಡರೂ ಒಳಗೆ ದಿನದಿನಕ್ಕೆ ನೀರು ತುಂಬಿಕೊಳ್ಳುತ್ತಿರುತ್ತದೆ. ಮೊಗ್ಗಿನಲ್ಲಿ ಎಲೆ ಆಗಲೇ ಸೂಕ್ಷ್ಮರೂಪದಲ್ಲಿ ಸಿದ್ಧವಾಗಿದೆ. ಅದರ ಕೋಶಗಳನ್ನು ಹಿಗ್ಗಿಸಲು ನೀರಿನ ಒತ್ತಡವೊಂದು ಬೇಕು. ಸಸ್ಯದ ಬೆಳವಣಿಗೆಯೆಂದು ನಾವು ಕರೆಯುವುದು ಬಹುಪಾಲು ಈ ಹಿಗ್ಗುವಿಕೆಯನ್ನೇ. ಕೊಡ ತುಂಬಿದಾಗ ತಳಿರು ಹೊರಡುತ್ತದೆ.

ಆದರೆ ಹೊತ್ತು ಬಂದಿತೆಂದು ಹೇಳುವವರಾರು? ಹೂಗ್ಯಮಿನ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯಷ್ಟೂ ಇಲ್ಲ. ಹಗಲು ಇಷ್ಟಿಷ್ಟೇ ಬೆಳೆಯುವುದನ್ನು ಮರಗಳು ಗುರುತಿಸಿ ಚಿಗುರುತ್ತವೆಂದು, ಏಷ್ಯದ ಮಾನ್ಸೂನ್ ಕಾಡುಗಳನ್ನು ಕುರಿತು ಎಲಿಯಟ್, ಬೇಕರ್, ಬೊರ್ಚರ್ಟ್ ಎಂಬ ವಿದ್ವಾಂಸರು 2006ರಲ್ಲಿ ಬರೆದರು. ಮೋಡ ಒಂದು ವರ್ಷ ಬೇಗ ಬಂದೀತು, ಒಂದು ವರ್ಷ ತಡವಾದೀತು, ಸೂರ್ಯನಂತೂ ತಪ್ಪುವವನಲ್ಲ.

ಮಳೆಗೆ ಕಾಯದಿರುವುದರ ಲಾಭವೇನೆಂಬುದಕ್ಕೆ ನಮ್ಮ ನೆರೆಯ ಮುದುಮಲೆಯ ಕಾಡಿನಿಂದಲೇ ಒಂದು ಉತ್ತರ ಬಂದಿದೆ. ಕೆ. ಎಸ್. ಮುರಳಿ ಮತ್ತು ಆರ್. ಸುಕುಮಾರ್ ಅವರು 1993ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಒಣಗಾಲದಲ್ಲಿ ಬೇಗ ಚಿಗುರುವ ಮರಗಳಿಗೆ ಎಲೆ ತಿನ್ನುವ ಹುಳುಗಳ ಹಾವಳಿ ಕಡಮೆ. ತಡವಾಗಿ ಚಿಗುರುವವುಗಳಿಗೆ ಹೆಚ್ಚು. ಮಳೆಯೊಡನೆ ಹುಳುಗಳ ಸಂತತಿ ಬೆಳೆಯುವಷ್ಟರಲ್ಲಿ ಬೇಗ ಬಂದ ಎಲೆ ಬಲಿತು ಗಡುಸಾಗಿರುತ್ತದೆ. ಎಲ್ಲ ಮರಗಳೂ ಈ ಜೂಜಿಗೆ ಇಳಿಯುವುದಿಲ್ಲ. ಮಳೆ ಬಿದ್ದ ಮೇಲೆಯೇ ಕಣ್ಣು ತೆರೆಯುವ ಜಾಗರೂಕ ಮರಗಳೂ ಇವೆ. ಯಾವುದು ಜಾಣತನವೆಂದು ನಿರ್ಣಯಿಸುವುದು ಆಯಾ ವರ್ಷದ ಮಳೆಗೆ ಬಿಟ್ಟದ್ದು.

ಬೇರೆಯವರ ಗಳಿಕೆಯ ಮೇಲೆ ನಡೆಯುವವರೂ ಈ ಕಾಡಿನಲ್ಲಿದ್ದಾರೆ. ಶ್ರೀಗಂಧವು ಬೇಸಗೆಯಲ್ಲಿಯೂ ಎಲೆಯಿಂದ ಕೂಡಿರುವುದು ಕೇವಲ ತನ್ನ ಸಾಮರ್ಥ್ಯದಿಂದಲ್ಲ. ಅದು ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ನೀರು ಲವಣಗಳನ್ನು ಪಡೆಯುತ್ತದೆ. ಸಸಿಮಡಿಯಲ್ಲಿ ಗಂಧದ ಸಸಿಯ ಜೊತೆಗೆ ತೊಗರಿಯನ್ನು ಬೆಳೆಸುವುದು ಇದಕ್ಕಾಗಿಯೇ. ಇದರ ಸಾಲಗಾರಿಕೆ ಮಿತವಾದದ್ದು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿಯ ಮರಗಳ ಮೇಲೆ ಬೆಳೆಯುವ, ಸೋಲಿಗರು ಉಪ್ಪಿಲು ಎಂದು ಕರೆಯುವ ಬಂದಳಿಕೆಯಾದರೋ ಹಾಗಲ್ಲ. ಬಂದಳಿಕೆಯ ಜಾತಿಯವು ಆಶ್ರಯ ಕೊಟ್ಟ ಮರಕ್ಕಿಂತ ಧಾರಾಳವಾಗಿ ನೀರು ವ್ಯಯಿಸುತ್ತವೆ; ಮರ ಮಾಡಿಟ್ಟ ಲೆಕ್ಕವೆಲ್ಲ ಅದರಿಂದ ತಲೆಕೆಳಗಾಗುತ್ತದೆ. ಹಿಂದೆ ಸೋಲಿಗರು ಹಾಕುತ್ತಿದ್ದ ತರಗುಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಿತೆಂಬುದು ಅವರ ಅಭಿಪ್ರಾಯ. ನೆಲ್ಲಿಕಾಯಿಂದ ಸಂಸಾರ ತೂಗಿಸಿದವರ ಈ ಮಾತನ್ನು ವಿಜ್ಞಾನಿಗಳು ಈಗ ಆದರದಿಂದ ಪರಿಶೀಲಿಸುತ್ತಿರುವುದು ಯುಕ್ತವೇ ಆಗಿದೆ.

ತರಗುಬೆಂಕಿಯು ನೆಲದ ಎಲೆಯನ್ನು ಮಾತ್ರ ಸುಟ್ಟು ಸಾಗುವ ಗಿಡ್ಡ ಬೆಂಕಿ. ಈಗಿನ ಸ್ಥಿತಿ ಬೇರೆ. ಪರದೇಶದಿಂದ ಉದ್ಯಾನದ ಅಲಂಕಾರಕ್ಕಾಗಿ ಬಂದ ಲಂಟಾನವು ಮಹದೇಶ್ವರನ ಬೆಟ್ಟದ ಕಾಡುಗಳಲ್ಲಿ ಪೊದೆಪೊದೆಯಾಗಿ ಹಬ್ಬಿದೆ. ಬೇಸಗೆಯಲ್ಲಿ ಅದು ಒಣಗಿ ಆಳೆತ್ತರದ ಸೌದೆಯಾಗುತ್ತದೆ. ಬೆಂಕಿ ಬಿದ್ದರೆ ಜ್ವಾಲೆ ಕೊಂಬೆಯವರೆಗೂ ಏರುತ್ತದೆ. ತಿಂಗಳುಗಟ್ಟಲೆ ಉಳಿಸಿದ ನೀರಿನಿಂದ ಮರವು ತಳಿರು ತಂದ ಹೊತ್ತೂ, ಕಾಡಿಗೆ ಬೆಂಕಿ ಬೀಳುವ ಹೊತ್ತೂ ಒಂದೇ. ತಳಿರು ಕರಕಾದರೆ ಮತ್ತೊಂದು ಬಾರಿ ಚಿಗುರಲು ಮರವು ತನ್ನ ಇಡುಗಂಟನ್ನು ಮುಟ್ಟಬೇಕು. ಎಳೆಯ ಸಸಿಗೆ ಅಂಥ ಗಂಟೇ ಇಲ್ಲ. ಸೋಲಿಗ ಕುಶಲಿಗಳು ಈ ಲಂಟಾನದ ಕಡ್ಡಿಯನ್ನು ಬೇಯಿಸಿ ಬಾಗಿಸಿ ಕುರ್ಚಿ, ಮೇಜುಗಳನ್ನು ಮಾಡುತ್ತಿದ್ದಾರೆ. ಅವರು ಕತ್ತರಿಸುವುದಕ್ಕಿಂತ ಹೆಚ್ಚು ವೇಗದಿಂದ ಅದು ಬುಡದಲ್ಲಿ ಮತ್ತೆ ಚಿಗುರುತ್ತಿದೆ.